ಜನರೇಟರ್ ಪೈಪ್ ಕೆಂಪಾಗುತ್ತಿದೆ: ಆ ಶಾಖದಲ್ಲಿ ತೊಗರಿ ಒಣಗಿಸಬಹುದೇ?

ಪ್ರಶ್ನೆ: ಕಲಬುರಗಿ ಕಪನೂರಿನಾಗ ನಮ್ದು ದಾಲ್ ಮಿಲ್ ಅದ. 62.5 ಕೆವಿಎ ಜನರೇಟರ್, 2014ರದ್ದು, ಟರ್ಬೊ ಇದ್ದದ್ದು. ಕರೆಂಟ್ ಹೋದ ದಿನ ನಾಕೈದು ತಾಸು ಓಡ್ತದ, ಆಮ್‌ಮೀಟರ್ 65ರ ಆಸುಪಾಸು ತೋರಸ್ತದ. ರಾತ್ರಿ ಬಾಗಿಲು ತೆಗೆದು ನೋಡಿದ್ರ ಟರ್ಬೊ ಬಾಜೂಕಿನ ಪೈಪು ಮಬ್ಬಾಗಿ ಕೆಂಪಗ ಕಾಣ್ತದ. ಇಷ್ಟು ಬಿಸಿ ಸುಮ್ನ ಹೊರಗ ಹೋಗ್ತದಲ್ಲ, ಅದನ್ನ ನೇರ ಡ್ರೈಯರ್‌ಗೆ ಬಿಟ್ಟು ತೊಗರಿ ಒಣಗಿಸ್ಲಿಕ್ಕೆ ಬರ್ತದೇನು? ಪಿಸ್ಟನ್‌ಗೆ ಸಿರಾಮಿಕ್ ಲೇಪ ಹಾಕ್ಸಿದ್ರ ಡೀಸೆಲ್ ಉಳಿತದ ಅಂತ ಮೆಕ್ಯಾನಿಕ್ ಅಂತಾನ. ಬ್ಯಾಸಗ್ಯಾಗ ಎಂಜಿನ್ ಕಾಯ್ತದ ಅಂತ ಥರ್ಮೋಸ್ಟಾಟ್ ವಾಲ್ ತೆಗೆದು ಒಗದಾನ. ಇದರಾಗ ಯಾವ್ದು ಖರೆ, ಯಾವ್ದು ಸುಳ್ಳು?

ಉತ್ತರ: ಕೆಂಪು ಪೈಪಿನಿಂದಲೇ ಶುರು ಮಾಡಬೇಕು. ನೀವು ಅದನ್ನು ಪೋಲಾಗುತ್ತಿರುವ ಸಂಪತ್ತು ಎಂದು ನೋಡುತ್ತಿದ್ದೀರಿ. ಅದು ಎಂಜಿನ್‌ನ ಜ್ವರ. ಉಕ್ಕು ಕತ್ತಲಲ್ಲಿ ಕಣ್ಣಿಗೆ ಕೆಂಪಾಗಿ ಕಾಣಬೇಕಾದರೆ ಅದರ ಹೊರಮೈ ಸುಮಾರು 525 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಹೊರಮೈ ಅಷ್ಟು ಕಾದಿದೆ ಎಂದರೆ ಒಳಗಿನ ಹೊಗೆ ಅದಕ್ಕಿಂತ ನೂರು ಡಿಗ್ರಿಯಾದರೂ ಮೇಲಿದೆ. 62.5 ಕೆವಿಎ ಸೆಟ್ಟಿನ ಪೂರ್ಣ ಲೋಡು ಸುಮಾರು 87 ಆಂಪಿಯರ್. ನಿಮ್ಮದು 65, ಅಂದರೆ ಮುಕ್ಕಾಲು ಲೋಡು, ಸುಮಾರು 40 ಕಿಲೋವ್ಯಾಟ್. ಈ ಲೋಡಿಗೆ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸಾಧನ) ದಾಟಿದ ಹೊಗೆ 400ರಿಂದ 450 ಡಿಗ್ರಿ ಇದ್ದರೆ ಸಹಜ. ಆರುನೂರು ದಾಟಿದೆ ಎಂದರೆ ಸಿಲಿಂಡರ್‌ನಲ್ಲಿ ಪಿಸ್ಟನ್ ತಳ್ಳಬೇಕಾಗಿದ್ದ ಶಾಖ ತಡವಾಗಿ ಹುಟ್ಟಿ ಪೈಪಿಗೆ ಓಡಿ ಬರುತ್ತಿದೆ. ಈ ಸ್ಥಿತಿಯಲ್ಲಿ ಶಾಖ ಹಿಡಿಯುವ ಯಂತ್ರ ಕೂರಿಸಿದರೆ ನೀವು ಡೀಸೆಲ್ ಸುಟ್ಟು ತೊಗರಿ ಒಣಗಿಸಿದ ಹಾಗೆಯೇ ಆಗುತ್ತದೆ. ಹೀಗೇ ಓಡಿಸಿದರೆ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಡುತ್ತದೆ, ಟರ್ಬೊದ ರೆಕ್ಕೆ ಮತ್ತು ಬೇರಿಂಗ್ ಹೋಗುತ್ತವೆ.

ಆದ್ದರಿಂದ ಮೊದಲು ಅಳೆಯಿರಿ. ಟರ್ಬೊ ಬಾಯಿಯಿಂದ ಸುಮಾರು 150 ಮಿಲಿಮೀಟರ್ ಆಚೆ ಪೈಪಿಗೆ ಒಂದು ಸಾಕೆಟ್ ವೆಲ್ಡ್ ಮಾಡಿಸಿ, ಕೆ-ಟೈಪ್ ಥರ್ಮೋಕಪಲ್ (ತೀರಾ ಹೆಚ್ಚಿನ ಬಿಸಿ ಅಳೆಯುವ ಕಡ್ಡಿ) ಹಾಕಿ. ಅದರ ತುದಿ ಪೈಪಿನ ನಡುಮಧ್ಯಕ್ಕೆ ಬರಬೇಕು, ಗೋಡೆಗೆ ತಾಗಿದರೆ ಕಡಿಮೆ ತೋರಿಸುತ್ತದೆ. ವೆಲ್ಡಿಂಗ್ ಮಾಡುವಾಗ ಪೈಪನ್ನು ಟರ್ಬೊದಿಂದ ಬಿಚ್ಚಿಯೇ ಮಾಡಿಸಿ, ಒಂದು ಕಿಡಿ ಅಥವಾ ಚೂರು ಒಳಗೆ ಉಳಿಯಬಾರದು.

ದಾಲ್ ಮಿಲ್ಲಿನಲ್ಲಿ ಮೊದಲ ಸಂಶಯ ಏರ್ ಫಿಲ್ಟರ್ ಮೇಲೆ. ತೊಗರಿ ಹೊಟ್ಟಿನ ನಯವಾದ ಧೂಳು ಪೇಪರ್ ಎಲಿಮೆಂಟ್‌ಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಡೀಸೆಲ್ ಅಷ್ಟೇ ಬೀಳುತ್ತದೆ, ಗಾಳಿ ಕಡಿಮೆಯಾಗುತ್ತದೆ. ಉರಿ ನಿಧಾನವಾಗಿ ಹೊಗೆ ಬಿಸಿಯಾಗುತ್ತದೆ. ಫಿಲ್ಟರ್ ಮೇಲಿನ ಇಂಡಿಕೇಟರ್ ಕೆಂಪು ತೋರಿಸಿದರೆ ಎಲಿಮೆಂಟ್ ಬದಲಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟು ಊದಿದರೆ ಪೇಪರ್ ತೂತು ಬಿದ್ದು ಧೂಳು ನೇರ ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೋಡೆಗೆ, ಹೋಗುತ್ತದೆ. ಎರಡನೆಯದು ಟರ್ಬೊದಿಂದ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸು. ಕ್ಲಾಂಪ್ ಸಡಿಲವಾಗಿದ್ದರೆ, ಲೋಡಿನಲ್ಲಿ ಓಡುವಾಗ ಸಾಬೂನು ನೀರು ಹಚ್ಚಿ ನೋಡಿದರೆ ಗುಳ್ಳೆ ಏಳುತ್ತವೆ. ಮೂರನೆಯದು ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್. ನಾಝಲ್ ತೊಟ್ಟಿಕ್ಕುತ್ತಿದ್ದರೆ ಡೀಸೆಲ್ ಮಂಜಾಗದೆ ಹನಿಯಾಗಿ ಬಿದ್ದು ತಡವಾಗಿ ಉರಿಯುತ್ತದೆ. ಪಂಪ್ ಅಂಗಡಿಯಲ್ಲಿ ಟೆಸ್ಟರ್ ಮೇಲೆ ಕೂರಿಸಿ, ಎಂಜಿನ್ ಪುಸ್ತಕದಲ್ಲಿರುವ ಒತ್ತಡಕ್ಕೆ ತೆರೆಯುತ್ತದೆಯೋ, ಮಂಜು ಸಮನಾಗಿ ಬೀಳುತ್ತದೆಯೋ ನೋಡಿಸಿ. ನಾಲ್ಕನೆಯದು ಡೀಸೆಲ್ ಪಂಪ್ ಟೈಮಿಂಗ್, ಅಂದರೆ ಸಿಲಿಂಡರ್‌ಗೆ ಡೀಸೆಲ್ ಬೀಳುವ ಗಳಿಗೆ. ಹಿಂದೆ ಯಾವಾಗಲೋ ಪಂಪ್ ಬಿಚ್ಚಿ ಕೂರಿಸಿದ್ದರೆ ಒಂದೆರಡು ಡಿಗ್ರಿ ಹಿಂದೆ ಬಿದ್ದಿರುವ ಸಾಧ್ಯತೆ ಹೆಚ್ಚು. ಟೈಮಿಂಗ್ ಹಿಂದೆ ಬಿದ್ದ ಎಂಜಿನ್ ಶಬ್ದ ಮೃದುವಾಗಿ ಕೇಳುತ್ತದೆ, ಓಡಿಸುವವರಿಗೆ ಹಿತವೆನಿಸುತ್ತದೆ. ಡೀಸೆಲ್ ಮಾತ್ರ ಹೆಚ್ಚು ಕುಡಿಯುತ್ತದೆ.

ಇಷ್ಟು ಸರಿಮಾಡಿ ಅದೇ 65 ಆಂಪಿಯರ್‌ನಲ್ಲಿ ಹೊಗೆ 450 ಡಿಗ್ರಿಯೊಳಗೆ ಬಂದ ಮೇಲೆ ಮುಂದಿನ ಮಾತು.

ಈಗ ಲೆಕ್ಕ. ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತಿರ ಹತ್ತಿರ 10 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖ ಇದೆ. ಆರೋಗ್ಯವಾಗಿರುವ ಈ ಗಾತ್ರದ ಸೆಟ್ಟು ಮುಕ್ಕಾಲು ಲೋಡಿನಲ್ಲಿ ಲೀಟರಿಗೆ ಮೂರೂವರೆ ಯೂನಿಟ್ ಕರೆಂಟ್ ಕೊಡುತ್ತದೆ. 40 ಕಿಲೋವ್ಯಾಟ್‌ಗೆ ತಾಸಿಗೆ ಸುಮಾರು 11.5 ಲೀಟರ್. ಒಳಗೆ ಬಂದ 113 ಕಿಲೋವ್ಯಾಟ್‌ನಲ್ಲಿ 40 ಕರೆಂಟ್ ಆಯಿತು. ಸುಮಾರು 30 ಹೊಗೆಯಲ್ಲಿ ಹೋಯಿತು, 25ರಷ್ಟು ರೇಡಿಯೇಟರ್ ನೀರಿನಲ್ಲಿ ಹೋಯಿತು. ಉಳಿದದ್ದು ಆಲ್ಟರ್ನೇಟರ್ ನಷ್ಟ, ಎಣ್ಣೆಯ ಬಿಸಿ, ಟರ್ಬೊ ಗಾಳಿಯನ್ನು ತಣಿಸುವಾಗ ಹೋದದ್ದು, ಎಂಜಿನ್ ಮೈಯಿಂದ ಸುತ್ತಲಿನ ಗಾಳಿಗೆ ಸೋರಿದ್ದು. ಹೊಗೆಯ 30ರಲ್ಲಿ ಎಲ್ಲವೂ ಕೈಗೆ ಸಿಗುವುದಿಲ್ಲ. ಹೊಗೆಯನ್ನು 180 ಡಿಗ್ರಿಗಿಂತ ಕೆಳಗೆ ತಣಿಸಲು ಹೋದರೆ ಕೊಳವೆಯ ತಣ್ಣನೆಯ ಮೂಲೆಗಳಲ್ಲಿ ಮಸಿ ಮತ್ತು ಆಮ್ಲದ ತೇವ ಕೂರುತ್ತವೆ. 2020ರ ಏಪ್ರಿಲ್‌ನಿಂದ ಸಿಗುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮೀರುವುದಿಲ್ಲವಾದ್ದರಿಂದ ಆಮ್ಲದ ಕಾಟ ಮೊದಲಿನಷ್ಟಿಲ್ಲ. ಆದರೆ ಮಸಿಯ ಕಾಟ ಇದ್ದೇ ಇದೆ. ಹೀಗೆ 420ರಿಂದ 180ಕ್ಕೆ ಇಳಿಸಿದರೆ ನಿಮಗೆ ಸಿಗುವುದು ಸುಮಾರು 19 ಕಿಲೋವ್ಯಾಟ್. ಇದು ಸಣ್ಣ ಶಾಖವಲ್ಲ. ಒಲೆಯಲ್ಲಿ ಇಷ್ಟು ಶಾಖ ತೆಗೆಯಲು ತಾಸಿಗೆ ಹತ್ತು ಹನ್ನೆರಡು ಕಿಲೋ ಒಣ ಕಟ್ಟಿಗೆ ಬೇಕು.

ಥರ್ಮೋಸ್ಟಾಟ್ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಬೇಸಿಗೆ ಬಂತೆಂದರೆ ಅದನ್ನು ಕಿತ್ತೆಸೆಯುವುದು ವಾಡಿಕೆಯಾಗಿದೆ. ವಾಲ್ ಸುಮಾರು 82 ಡಿಗ್ರಿಗೆ ತೆರೆಯಲು ಶುರುವಾಗಿ 95ಕ್ಕೆ ಪೂರ್ತಿ ತೆರೆಯುತ್ತದೆ. ಅದಿಲ್ಲದಿದ್ದರೆ ಕಡಿಮೆ ಲೋಡಿನಲ್ಲಿ ನೀರು 60ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೋರಿನ ಗೋಡೆ ತಣ್ಣಗಿದ್ದಷ್ಟೂ ಉರಿಯ ಶಾಖ ಗೋಡೆಗೆ ಹೆಚ್ಚು ಹೋಗುತ್ತದೆ, ಡೀಸೆಲ್ ಹನಿ ಎಣ್ಣೆಗೆ ಇಳಿಯುತ್ತದೆ, ಬೋರು ಸವೆಯುತ್ತದೆ. ನೀವು ಶಾಖ ನಷ್ಟ ತಪ್ಪಿಸಬೇಕೆಂದು ಕೇಳುತ್ತಿದ್ದೀರಿ, ಇಲ್ಲಿ ದುಡ್ಡು ಕೊಟ್ಟು ನಷ್ಟ ಮಾಡಿಕೊಂಡಂತಾಯಿತು. ಇನ್ನೊಂದು ಸಂಗತಿ ಬಹಳ ಮೆಕ್ಯಾನಿಕ್‌ಗಳ ಗಮನಕ್ಕೆ ಬಂದಿಲ್ಲ. ಹಲವು ಎಂಜಿನ್‌ಗಳಲ್ಲಿ ಇದೇ ವಾಲ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ತಿರುಗಿ ಪಂಪಿಗೇ ಬರುತ್ತದೆ. ಪೂರ್ಣ ಲೋಡಿನಲ್ಲಿ ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಹೊಸ ವಾಲ್ ತಂದು, ದಾರ ಕಟ್ಟಿ ತಳಕ್ಕೆ ತಾಗದಂತೆ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಜೊತೆ ಕಾಯಿಸಿ ನೋಡಿ, ನಂತರ ಹಾಕಿಸಿ.

ಹಾಗಾದರೆ ಎಂಜಿನ್ ಕಾಯುತ್ತಿದ್ದದ್ದು ಯಾಕೆ? ನಮ್ಮದು ಶಹಾಬಾದ್ ಕಲ್ಲಿನ ಸೀಮೆ, ನೆಲದಡಿ ಸುಣ್ಣಕಲ್ಲು. ಬೋರ್‌ವೆಲ್ ನೀರನ್ನು ರೇಡಿಯೇಟರ್‌ಗೆ ಸುರಿದರೆ ಒಳಗೆ ಸುಣ್ಣದ ಹೆಕ್ಕಳಿಕೆ ಕಟ್ಟುತ್ತದೆ. ಅದು ಎರಕದ ಕಬ್ಬಿಣಕ್ಕಿಂತ ಮೂವತ್ತು ನಲವತ್ತು ಪಟ್ಟು ಕಡಿಮೆ ಶಾಖ ಸಾಗಿಸುತ್ತದೆ. ಅಂದರೆ ಒಂದು ಮಿಲಿಮೀಟರ್ ಹೆಕ್ಕಳಿಕೆ ಕಟ್ಟಿದರೆ ಗೋಡೆ ಒಂದು ಇಂಚಿಗಿಂತ ದಪ್ಪವಾದಂತೆ. ರೇಡಿಯೇಟರ್ ತಾಮ್ರ-ಹಿತ್ತಾಳೆಯದ್ದಾದರೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಎಂಜಿನ್ ಬೆಚ್ಚಗಿಟ್ಟು ಒಂದೆರಡು ತಾಸು ಓಡಿಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಅಲ್ಯೂಮಿನಿಯಂ ರೇಡಿಯೇಟರ್ ಇದ್ದರೆ ಎಂಜಿನ್ ತಯಾರಕರು ಹೇಳಿದ ಕ್ಲೀನರ್ ಮಾತ್ರ. ಆಮೇಲೆ ಆರ್‌ಒ ಅಥವಾ ಡಿಸ್ಟಿಲ್ಡ್ ನೀರಿಗೆ ಪುಸ್ತಕದಲ್ಲಿರುವ ಪ್ರಮಾಣದ ಕೂಲಂಟ್ ಬೆರೆಸಿ ತುಂಬಿ. ಹೊರಗಡೆ ರೇಡಿಯೇಟರ್ ಜಾಲಿಗೆ ಹೊಟ್ಟಿನ ಧೂಳು ತುಂಬಿರುತ್ತದೆ. ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ, ಮೆಲ್ಲಗೆ ಊದಿಸಿ. ಜೋರಾಗಿ ಹೊಡೆದರೆ ಫಿನ್ ಮಡಚಿಕೊಳ್ಳುತ್ತವೆ.

ಸಿರಾಮಿಕ್ ಲೇಪದ ಮಾತಿನಲ್ಲಿ ಸತ್ಯದ ಅಂಶ ಇದೆ, ಅದಕ್ಕೇ ಅದು ನಂಬಿಸುತ್ತದೆ. ಪಿಸ್ಟನ್ ತಲೆಗೆ ಜಿರ್ಕೋನಿಯಾ ಬಳಿದರೆ ಶಾಖ ಲೋಹಕ್ಕೆ ಇಳಿಯುವುದು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಹಾಗೆ ಉಳಿದ ಶಾಖ ಶಾಫ್ಟಿಗೆ ಹೋಗುವುದಿಲ್ಲ, ಬಹುಪಾಲು ಹೊಗೆಗೆ ಹೋಗುತ್ತದೆ. ಪಿಸ್ಟನ್ ಕೆಳಗಿಳಿಯುವ ಹೊತ್ತಿನ ಕೊನೆಯಲ್ಲಿ ಉಳಿಸಿದ ಶಾಖಕ್ಕೆ ಹಿಗ್ಗಿ ಕೆಲಸ ಮಾಡಲು ಜಾಗವೇ ಉಳಿದಿರುವುದಿಲ್ಲ. 1970ರ ದಶಕದ ಕೊನೆಯಿಂದ ಅಮೆರಿಕದ ಸೇನೆ ಮತ್ತು ಕಮ್ಮಿನ್ಸ್ ಎಂಜಿನ್ ಕಂಪನಿ ಸೇರಿ, ತಣಿಸುವ ವ್ಯವಸ್ಥೆಯೇ ಇಲ್ಲದ 'ಅಡಯಾಬ್ಯಾಟಿಕ್' ಟ್ರಕ್ ಎಂಜಿನ್‌ಗೆ ವರ್ಷಗಟ್ಟಲೆ ಪ್ರಯತ್ನಿಸಿದರು. ಬಿಸಿ ಗೋಡೆ ಒಳಬರುವ ಗಾಳಿಯನ್ನೂ ಕಾಯಿಸಿ ಹಿಗ್ಗಿಸುತ್ತದೆ, ಗಾಳಿಯ ತೂಕ ಇಳಿಯುತ್ತದೆ. ಮೇಲಿನ ರಿಂಗಿನ ಹತ್ತಿರ ಎಣ್ಣೆ ಸುಟ್ಟು ಇಂಗಾಲವಾಗಿ ರಿಂಗ್ ಅಂಟುತ್ತದೆ. ಹೊಗೆಗೆ ಹೋದ ಶಾಖವನ್ನು ಇನ್ನೊಂದು ಟರ್ಬೈನಿನಿಂದ ಮತ್ತೆ ಶಾಫ್ಟಿಗೆ ತಂದರೆ ಮಾತ್ರ ಲಾಭ. ಟೊಯೋಟಾ 2015ರಲ್ಲಿ ತನ್ನ 2.8 ಲೀಟರ್ ಡೀಸೆಲ್ ಎಂಜಿನ್ನಿನ ಪಿಸ್ಟನ್‌ಗೆ ಬಳಸಿದ್ದು ಬೇರೆಯೇ ಜಾತಿಯ ಲೇಪ. ತೀರಾ ತೆಳ್ಳಗಿನ, ರಂಧ್ರಮಯ ಪದರ ಅದು. ಉರಿ ಬಂದಾಗ ತಾನೂ ಬಿಸಿಯಾಗಿ, ಗಾಳಿ ಬಂದಾಗ ತಕ್ಷಣ ತಣಿಯುವಂಥದ್ದು, ಹಾಗಾಗಿ ಒಳಬರುವ ಗಾಳಿ ಕಾಯುವುದಿಲ್ಲ. ಅದು ಕಾರ್ಖಾನೆಯಲ್ಲಿ ಎಂಜಿನ್ ಜೊತೆಗೇ ಹುಟ್ಟಬೇಕಾದದ್ದು, ಗ್ಯಾರೇಜಿನಲ್ಲಿ ಸಿಂಪಡಿಸಿಕೊಳ್ಳುವಂಥದ್ದಲ್ಲ. ನಿಮ್ಮ ಪಿಸ್ಟನ್‌ಗೆ ದಪ್ಪ ಲೇಪ ಹಾಕಿಸಿದರೆ, ಅಲ್ಯೂಮಿನಿಯಂ ಹಿಗ್ಗಿದಷ್ಟು ಸಿರಾಮಿಕ್ ಹಿಗ್ಗದೆ ಒಂದು ದಿನ ಚಕ್ಕೆ ಎದ್ದು ಬೋರು ಗೀರುತ್ತದೆ. ಬೇಡ.

ಪೈಪಿಗೆ ಹೊದಿಕೆ ಹಾಕುವುದು ಇದಕ್ಕಿಂತ ಸಾವಿರ ಪಾಲು ಮೇಲು. 420 ಡಿಗ್ರಿ ಹೊಗೆ ಹರಿಯುವ 3 ಇಂಚಿನ ಬತ್ತಲೆ ಪೈಪು ಮೀಟರಿಗೆ ಸುಮಾರು 2 ಕಿಲೋವ್ಯಾಟ್ ಶಾಖ ಚೆಲ್ಲುತ್ತದೆ. ಮೂರು ಮೀಟರ್ ಪೈಪು ಶೆಡ್ಡಿನೊಳಗಿದ್ದರೆ ಮೂರು ದೊಡ್ಡ ರೂಮ್ ಹೀಟರ್ ಉರಿಸಿಟ್ಟ ಹಾಗೆ, ಅದೂ ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ. ಆ ಶಾಖವನ್ನೇ ಎಂಜಿನ್ ಮತ್ತೆ ಉಸಿರಾಡುತ್ತದೆ. ಒಳಹೋಗುವ ಗಾಳಿ 43ರಿಂದ 58 ಡಿಗ್ರಿ ಆಯಿತೆಂದರೆ ಅದರ ಸಾಂದ್ರತೆ ಶೇಕಡಾ 4.5 ಕಡಿಮೆ, ಮತ್ತೆ ಉರಿ ನಿಧಾನ, ಮತ್ತೆ ಹೊಗೆ ಬಿಸಿ. 50 ಮಿಲಿಮೀಟರ್ ದಪ್ಪ ಸಿರಾಮಿಕ್ ಫೈಬರ್ ಬ್ಲಾಂಕೆಟ್ ಸುತ್ತಿದರೆ ಆ 2 ಕಿಲೋವ್ಯಾಟ್ 200 ವ್ಯಾಟ್‌ಗೆ ಇಳಿಯುತ್ತದೆ. 25 ಮಿಲಿಮೀಟರಿನ ಎರಡು ಪದರ ತಂದು, ಮೇಲಿನ ಪದರದ ಕೀಲು ಕೆಳಗಿನ ಕೀಲಿನ ಮೇಲೆ ಬರದಂತೆ ಸುತ್ತಿಸಿ, ಸ್ಟೀಲ್ ತಂತಿ ಕಟ್ಟಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ. ನೂಲು ಗಾಳಿಗೆ ಎದ್ದು ಮೂಗಿಗೆ ಹೋಗುತ್ತದೆ, ಕೆಲಸದವರು ಮಾಸ್ಕ್ ಮತ್ತು ಗವಸು ಹಾಕಿಕೊಳ್ಳಲಿ. ಬೇಳೆ ನಡೆಯುವ ಜಾಗಕ್ಕೆ ಆ ಚೂರುಗಳು ಬರಲೇಬಾರದು.

ಹೊದಿಕೆ ಟರ್ಬೊ ಆಚೆಗಿನ ಸುಕ್ಕುಸುಕ್ಕಾದ ಬಾಗುವ ಕೊಳವೆ, ಅಂದರೆ ಬೆಲ್ಲೋಸ್‌ನಿಂದ ಆಚೆಗೆ ಶುರುವಾಗಬೇಕು. ಸಿಲಿಂಡರ್‌ಗಳಿಂದ ಹೊಗೆ ಹೊರಬರುವ ಎರಕದ ಮ್ಯಾನಿಫೋಲ್ಡ್‌ಗೆ, ಟರ್ಬೊಗೆ ಸುತ್ತಬೇಡಿ. ಶಾಖ ಹೊರಹೋಗದೆ ಮ್ಯಾನಿಫೋಲ್ಡ್ ಬಿರಿಯುತ್ತದೆ, ಟರ್ಬೊದ ಬೇರಿಂಗ್‌ನಲ್ಲಿ ಎಣ್ಣೆ ಸುಡುತ್ತದೆ. ಹೊದಿಸಿದ ಪೈಪಿನ ಲೋಹ ಮೊದಲಿಗಿಂತ ನೂರು ಡಿಗ್ರಿ ಹೆಚ್ಚು ಕಾಯುತ್ತದೆ, ಹಾಗಾಗಿ ಹಿಗ್ಗುವುದೂ ಹೆಚ್ಚು. ಮೂರು ಮೀಟರ್ ಉಕ್ಕಿನ ಪೈಪು 400 ಡಿಗ್ರಿಗೆ ಸುಮಾರು 14 ಮಿಲಿಮೀಟರ್ ಉದ್ದವಾಗುತ್ತದೆ. ಗೋಡೆಗೆ ವೆಲ್ಡ್ ಮಾಡಿ ಬಿಗಿದಿದ್ದರೆ ಆ ತಳ್ಳಾಟವೆಲ್ಲ ಟರ್ಬೊ ಕುತ್ತಿಗೆಗೆ ಬೀಳುತ್ತದೆ. ಜಾರುವ ಕ್ಲಾಂಪ್ ಹಾಕಿಸಿ, ಪೈಪಿನ ಭಾರ ಚಾವಣಿಯಿಂದ ತೂಗಿಸಿ. ಎಣ್ಣೆ ಅಥವಾ ಡೀಸೆಲ್ ತೊಟ್ಟಿಕ್ಕಿ ಹೊದಿಕೆ ನೆನೆದಿದ್ದರೆ ಆ ತುಂಡನ್ನು ಅಂದೇ ಬದಲಿಸಬೇಕು, ಬೆಂಕಿ ಹತ್ತುವುದು ಅಲ್ಲಿಂದಲೇ. ಜೊತೆಗೆ ರೇಡಿಯೇಟರ್‌ನ ಬಿಸಿ ಗಾಳಿ ಶೆಡ್ಡಿನೊಳಗೇ ತಿರುಗದಂತೆ ಕ್ಯಾನ್ವಾಸ್ ಡಕ್ಟ್ ಹಾಕಿ ಹೊರಗೆ ಬಿಡಿ. ಗಾಳಿ ಒಳಬರುವ ಕಿಂಡಿ ರೇಡಿಯೇಟರ್ ಮುಖಕ್ಕಿಂತ ಒಂದೂವರೆ ಪಟ್ಟು ದೊಡ್ಡದಿರಲಿ, ಹೊಟ್ಟು ಬೀಳುವ ಕಡೆಗೆ ಮುಖ ಮಾಡದಿರಲಿ. ಇದರಿಂದ ಡೀಸೆಲ್ ಉಳಿತಾಯ ಶೇಕಡಾ ಒಂದೆರಡೇ ಇರಬಹುದು. ಆದರೆ ಎಂಜಿನ್ ಬಾಳಿಕೆಗೆ, ಆ ಶೆಡ್ಡಿನಲ್ಲಿ ನಿಲ್ಲುವ ಮನುಷ್ಯನಿಗೆ ಇದರಷ್ಟು ಉಪಕಾರ ಬೇರೆ ಯಾವುದೂ ಇಲ್ಲ.

ಇನ್ನು ತೊಗರಿ ಒಣಗಿಸುವ ಮಾತು. ಸೈಲೆನ್ಸರ್ ಪೈಪನ್ನು ನೇರ ಡ್ರೈಯರ್‌ಗೆ ಬಿಡುವ ಯೋಚನೆಯನ್ನು ಇಂದೇ ಕೈಬಿಡಿ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಸಿಪ್ಪೆ ಸಡಿಲಿಸಲು ಎಣ್ಣೆ ಕೊಟ್ಟ ತೊಗರಿಯ ಸಿಪ್ಪೆ ಮಸಿಯನ್ನು ಹೀರಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ಡ್ರೈಯರ್ ಹತ್ತಿರ ನಿಂತವರಿಗೆ ಕಾರ್ಬನ್ ಮಾನಾಕ್ಸೈಡ್ ವಿಷ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ತೊಗರಿ ಬೇಳೆಯ ಊರು ನಮ್ಮದು. ತಿನ್ನುವ ಕಾಳಿಗೂ ಹೊಗೆಗೂ ನಡುವೆ ಒಂದಲ್ಲ, ಎರಡು ಗೋಡೆ ಇರಬೇಕು.

ಆ ಎರಡು ಗೋಡೆಗೆ ಸರಳ ಉಪಾಯ ನೀರು. ಹೊಗೆ ನೀರನ್ನು ಕಾಯಿಸಲಿ, ನೀರು ಗಾಳಿಯನ್ನು ಕಾಯಿಸಲಿ, ಗಾಳಿ ತೊಗರಿಗೆ ಹೋಗಲಿ. ಕೊಳವೆ ಎಲ್ಲಾದರೂ ತೂತಾದರೆ ನೀರು ಸೋರಿ ಗೊತ್ತಾಗುತ್ತದೆ, ಹೊಗೆ ಕಾಳಿಗೆ ಮುಟ್ಟುವುದಿಲ್ಲ. ಇನ್ನೂ ದೊಡ್ಡ ಅನುಕೂಲವೆಂದರೆ ಶಾಖವನ್ನು ಕೂಡಿಡಬಹುದು. ನಿಮ್ಮ ಜನರೇಟರ್ ಓಡುವುದು ಕರೆಂಟ್ ಹೋದಾಗ, ತೊಗರಿ ಒಣಗಬೇಕಾದದ್ದು ನಿಮಗೆ ಬೇಕಾದಾಗ. ಒಂದು ಸಾವಿರ ಲೀಟರ್ ನೀರನ್ನು 55ರಿಂದ 90 ಡಿಗ್ರಿಗೆ ಏರಿಸಿದರೆ 40 ಯೂನಿಟ್ ಶಾಖ ಅದರಲ್ಲಿ ಕೂತಿರುತ್ತದೆ, ಸುತ್ತ ಹೊದಿಕೆ ಇದ್ದರೆ ಮರುದಿನ ಬೆಳಗಿನವರೆಗೂ ಉಪಯೋಗಕ್ಕೆ ಬರುತ್ತದೆ.

ಶಾಖ ಹಿಡಿಯುವ ಡಬ್ಬಿಯನ್ನು ಯಾವ ಒಳ್ಳೆಯ ಫ್ಯಾಬ್ರಿಕೇಶನ್ ಅಂಗಡಿಯೂ ಮಾಡಿಕೊಡಬಲ್ಲದು. ಅಳತೆ ಹೀಗೆ: 25 ಮಿಲಿಮೀಟರ್ ಹೊರವ್ಯಾಸ, 1.6 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಕೊಳವೆಗಳು, 2 ಮೀಟರ್ ಉದ್ದ, 20 ಎಣಿಕೆ. ಎರಡು ತುದಿಯಲ್ಲಿ ಕೊಳವೆಗಳನ್ನು ಹಿಡಿದಿಡುವ ತೂತಿನ ಟ್ಯೂಬ್ ಪ್ಲೇಟ್, ಹೊರಗೆ ಎಲ್ಲವನ್ನೂ ಸುತ್ತುವರಿದ ಶೆಲ್. ಹೊಗೆ ಕೊಳವೆಯೊಳಗೆ, ನೀರು ಹೊರಗೆ. ಹೊಗೆಯನ್ನು ಹೊರಗಿಟ್ಟು ನೀರನ್ನು ಒಳಗೆ ಬಿಟ್ಟರೆ ಮಸಿ ತೆಗೆಯಲು ಆಗುವುದಿಲ್ಲ. ಕೊಳವೆಗಳ ಎಣಿಕೆ ಹೆಚ್ಚಿಸಿದರೆ ಒಳ್ಳೆಯದೆಂದು ಕೆಲವರು 32, 40 ಹಾಕುತ್ತಾರೆ. ಹೊಗೆಯ ವೇಗ ಬಿದ್ದು ಶಾಖ ಬಿಡುವುದು ಕಡಿಮೆಯಾಗುತ್ತದೆ, ಮಸಿ ಬೇಗ ಕೂರುತ್ತದೆ. 20 ಕೊಳವೆಯಲ್ಲಿ ವೇಗ ಸೆಕೆಂಡಿಗೆ 15 ಮೀಟರ್ ಆಸುಪಾಸು ಬರುತ್ತದೆ, ಅಷ್ಟು ಬೇಕು. ಡಬ್ಬಿಯನ್ನು ಸ್ವಲ್ಪ ಇಳಿಜಾರಾಗಿ ಮಲಗಿಸಿ, ತಗ್ಗಿನ ತುದಿಯಲ್ಲಿ ಅರ್ಧ ಇಂಚಿನ ಡ್ರೈನ್ ಇಡಿ. ತಣ್ಣಗಿರುವಾಗ ಶುರು ಮಾಡಿದರೆ ಹೊಗೆಯ ತೇವ ನೀರಾಗಿ ಅಲ್ಲಿ ಸೇರುತ್ತದೆ, ಅದು ಎಂಜಿನ್ ಕಡೆ ಹರಿದು ಬರಬಾರದು. ಎರಡು ತುದಿಯ ಮುಚ್ಚಳ ಬೋಲ್ಟ್‌ನದ್ದಿರಲಿ, ವೆಲ್ಡ್ ಬೇಡ.

ಜಾಗ ಸೈಲೆನ್ಸರ್ ಆದ ಮೇಲೆ, ಮುಂಚೆ ಅಲ್ಲ. ಮುಂಚೆ ಕೂರಿಸಿದರೆ ಹೊಗೆಯ ಬಡಿತ ನೇರ ಕೊಳವೆಗಳಿಗೆ ತಾಗಿ ವೆಲ್ಡ್ ಬಿರಿಯುತ್ತದೆ. ಸೈಲೆನ್ಸರ್‌ಗೂ ಹೊದಿಕೆ ಹಾಕಿದ್ದರೆ ಶಾಖ ನಷ್ಟವಾಗುವುದು ಕಡಿಮೆಯೇ. ಡಬ್ಬಿಗೆ ಮುನ್ನ ಒಂದೇ ಹ್ಯಾಂಡಲಿನ ಮೂರು ದಾರಿಯ ಫ್ಲ್ಯಾಪ್ ಹಾಕಿಸಿ: ಒಂದು ದಾರಿ ಡಬ್ಬಿಗೆ, ಇನ್ನೊಂದು ನೇರ ಹೊರಗೆ. ಎರಡು ಬೇರೆ ಬೇರೆ ವಾಲ್ವ್ ಹಾಕಿದರೆ ಯಾರೋ ಒಂದು ದಿನ ಎರಡನ್ನೂ ಮುಚ್ಚುತ್ತಾರೆ. ಭಾರದ ಗುಂಡು ತೂಗಿಬಿಟ್ಟು, ಕೈ ಬಿಟ್ಟರೆ ಫ್ಲ್ಯಾಪ್ ತಾನಾಗಿ ಹೊರದಾರಿಗೆ ತಿರುಗುವಂತೆ ಮಾಡಿಸಿ. ನೀರಿನ ಪಂಪ್ ನಿಂತ ಗಳಿಗೆಯಲ್ಲಿ ಅದೇ ನಿಮ್ಮನ್ನು ಕಾಯುವುದು. ಪಂಪ್ ನಿಮಿಷಕ್ಕೆ 18 ಲೀಟರ್ ತಿರುಗಿಸಿದರೆ ಸಾಕು, ಬಿಸಿ ನೀರಿಗೆಂದೇ ಮಾಡಿದ ಸಣ್ಣ ಸರ್ಕ್ಯುಲೇಟರ್ ತೆಗೆದುಕೊಳ್ಳಿ. ನೀರಿನ ಟ್ಯಾಂಕ್ ಮೇಲೆ ತೆರೆದಿರಲೇಬೇಕು, ಡಬ್ಬಿಯಿಂದ ಟ್ಯಾಂಕಿಗೆ ಹೋಗುವ ಮೇಲಿನ ಪೈಪಿನಲ್ಲಿ ಯಾವ ವಾಲ್ವೂ ಇರಬಾರದು. ಮುಚ್ಚಿದ ಡಬ್ಬಿಯಲ್ಲಿ ನೀರು ಕುದ್ದರೆ ಅದು ಬಾಯ್ಲರ್, ಸಿಡಿಯುತ್ತದೆ. ನಮ್ಮ ಎತ್ತರದಲ್ಲಿ ನೀರು 98-99 ಡಿಗ್ರಿಗೇ ಕುದಿಯುತ್ತದೆ, 90ರಲ್ಲಿ ಫ್ಲ್ಯಾಪ್ ತಿರುಗಿಸಿಬಿಡಿ.

ಡ್ರೈಯರ್ ಕಡೆ, ಬಿಸಿ ನೀರು ಹರಿಯುವ ಫಿನ್ ಇರುವ ಕಾಯಿಲ್ ಮೂಲಕ ಬ್ಲೋವರ್ ಗಾಳಿಯನ್ನು ತಳ್ಳಲಿ. ದಾರಿಯ ನಷ್ಟ ಕಳೆದು ಸಿಗುವ 17 ಕಿಲೋವ್ಯಾಟ್‌ನಿಂದ ಸುಮಾರು 1000 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ) ಗಾಳಿ 30ರಿಂದ 65 ಡಿಗ್ರಿಗೆ ಏರುತ್ತದೆ. ಒಂದೂವರೆ ಎಚ್‌ಪಿ ಸೆಂಟ್ರಿಫ್ಯೂಗಲ್ ಬ್ಲೋವರ್ ಧಾರಾಳ. ಜಾಲರಿ ತಳದ 4 ಚದರ ಮೀಟರ್ ಹಾಸಿನ ಮೇಲೆ ಒಂದಡಿ ದಪ್ಪ ತೊಗರಿ ಹರವಿ. ಅದಕ್ಕಿಂತ ದಪ್ಪ ಹಾಕಿದರೆ ಕೆಳಗಿನದು ಒಣಗಿ ಬಿರಿಯುತ್ತದೆ, ಮೇಲಿನದು ಬೆವರುತ್ತದೆ. ಅರ್ಧ ತಾಸಿಗೊಮ್ಮೆ ತಿರುವಿ ಹಾಕಿಸಿ. ಒಂದು ಕಿಲೋ ನೀರು ಆರಿಸಲು ಪ್ರಯೋಗದಲ್ಲಿ ಸುಮಾರು ಒಂದೂಕಾಲು ಯೂನಿಟ್ ಶಾಖ ಬೇಕಾಗುತ್ತದೆ, ಅಂದರೆ ತಾಸಿಗೆ 13 ಕಿಲೋ ನೀರು ಹೋಗುತ್ತದೆ. ನೀರು ಕೊಟ್ಟ ತೊಗರಿಯನ್ನು ಶೇಕಡಾ 14ರಿಂದ ಶೇಕಡಾ ಹತ್ತೂವರೆ ತೇವಾಂಶಕ್ಕೆ ತರಲು ಕ್ವಿಂಟಲಿಗೆ ಸುಮಾರು 4 ಕಿಲೋ ನೀರು ತೆಗೆಯಬೇಕು. ಹಾಗಾಗಿ ತಾಸಿಗೆ ಮೂರು ಕ್ವಿಂಟಲ್. ನಿಮ್ಮ ಮಿಲ್ಲಿನ ಪೂರ್ತಿ ಮಾಲಿಗೆ ಇದು ಸಾಲದು. ಮಾರ್ಚ್‌ನಿಂದ ಮೇವರೆಗೆ ನಮ್ಮ ಅಂಗಳದ ಬಿಸಿಲು ಇದಕ್ಕಿಂತ ಹೆಚ್ಚು ಒಣಗಿಸುತ್ತದೆ, ಪುಕ್ಕಟೆ. ಇದು ಕೈಹಿಡಿಯುವುದು ಮಳೆಗಾಲದಲ್ಲಿ, ಮೋಡ ಮುಸುಕಿದ ವಾರಗಳಲ್ಲಿ, ಅಂಗಳದ ಮಾಲು ಎತ್ತಿ ಇಳಿಸಿ ಸಾಕಾಗುವ ದಿನಗಳಲ್ಲಿ.

ಅದಕ್ಕೇ ಖರ್ಚಿಗೆ ಮೊದಲು ತಾಸಿನ ಲೆಕ್ಕ ನೋಡಿ. ಪ್ಯಾನೆಲ್ ಮೇಲಿನ ಅವರ್ ಮೀಟರ್ ಪ್ರಕಾರ ವರ್ಷಕ್ಕೆ 300 ತಾಸು ಕೂಡ ಓಡದಿದ್ದರೆ ಡಬ್ಬಿ, ಟ್ಯಾಂಕ್, ಕಾಯಿಲ್ ಯಾವುದೂ ಬೇಡ; ದುರಸ್ತಿ, ಥರ್ಮೋಸ್ಟಾಟ್, ಹೊದಿಕೆ ಇಷ್ಟರಲ್ಲೇ ನಿಲ್ಲಿಸಿ. ಸಾವಿರ ತಾಸಿನ ಮೇಲೆ ಓಡುತ್ತಿದ್ದು, ಅದರಲ್ಲಿ ಅರ್ಧವಾದರೂ ಮಳೆಗಾಲದಲ್ಲಿ ಬರುವುದಾದರೆ ಮಾಡಿಸಿ. ನಡುವೆ ಇದ್ದವರು ಈಗ ಕಟ್ಟಿಗೆಗೋ ಗ್ಯಾಸಿಗೋ ಎಷ್ಟು ಕೊಡುತ್ತಿದ್ದೀರಿ ಎಂಬುದರ ಮೇಲೆ ನಿರ್ಧರಿಸಬೇಕು. ಹೊಗೆಯಿಂದ ಕರೆಂಟ್ ಮಾಡುವ ಥರ್ಮೋಎಲೆಕ್ಟ್ರಿಕ್ ಹಲಗೆಗಳನ್ನು ಯಾರಾದರೂ ಮಾರಲು ಬಂದರೆ ತೆಗೆದುಕೊಳ್ಳಬೇಡಿ. ಅವು ಕೊಡುವುದು ಶಾಖದ ಶೇಕಡಾ ನಾಲ್ಕೈದು, ಅಂದರೆ ನಿಮ್ಮ 19ರಲ್ಲಿ ಒಂದು ಕಿಲೋವ್ಯಾಟ್ ಕೂಡ ಅಲ್ಲ. ಅವುಗಳ ಬಿಸಿ ಮುಖ 250 ಡಿಗ್ರಿ ದಾಟಿದರೆ ಬೆಸುಗೆ ಕರಗುತ್ತದೆ. ಸಿಮೆಂಟ್ ಕಾರ್ಖಾನೆಗಳು ಗೂಡಿನ ಹೊಗೆಯಿಂದ ಉಗಿ ಮಾಡಿ ಟರ್ಬೈನ್ ತಿರುಗಿಸುವುದು ಸರಿ, ಅಲ್ಲಿ ಹೊಗೆ ಹಗಲು ರಾತ್ರಿ ಬರುತ್ತದೆ, ಮೆಗಾವ್ಯಾಟ್ ಲೆಕ್ಕದಲ್ಲಿ ಬರುತ್ತದೆ. ಇನ್ನು 2023ರ ಜುಲೈ ನಂತರದ ಹೊಸ ಹೊಗೆ ಮಾಲಿನ್ಯ ನಿಯಮದ ಸೆಟ್ ಇದ್ದವರು ಇದನ್ನು ಓದಿ ಪೈಪಿಗೆ ಕೈಹಾಕಬೇಡಿ. ಅದರ ಹೊಗೆ ಶುದ್ಧಿ ಭಾಗಕ್ಕೆ ಆ ಬಿಸಿ ಬೇಕೇ ಬೇಕು, ಏನಿದ್ದರೂ ಅದರ ಆಚೆಗೆ, ತಯಾರಕರನ್ನು ಕೇಳಿ.

ಡಬ್ಬಿ ಕೂರಿಸಿದರೆ ಒಂದು ಅಳತೆ ತಪ್ಪಿಸಬೇಡಿ, ಅದು ಬ್ಯಾಕ್ ಪ್ರೆಶರ್. ಹೊಗೆ ಹೊರಹೋಗಲು ಒದ್ದಾಡಿದರೆ ಪಿಸ್ಟನ್ ಅದನ್ನು ತಳ್ಳಬೇಕು, ಉಳಿಸಿದ್ದೆಲ್ಲ ಅಲ್ಲೇ ಖರ್ಚು. ಟರ್ಬೊ ಆಚೆಯ ನೇರ ಪೈಪಿಗೆ 6 ಮಿಲಿಮೀಟರ್ ಕೊಳವೆ ಬೆಸೆಸಿ, ಒಂದು ಮೀಟರ್ ತಾಮ್ರದ ಕೊಳವೆ ಸೇರಿಸಿ, ಅದರ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಯು-ದ ಒಂದೊಂದು ಕಾಲೂ ಒಂದು ಮೀಟರಾದರೂ ಇರಲಿ. ತಾಮ್ರ ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಎರಡು ಕಾಲಿನ ನೀರಿನ ಮಟ್ಟದ ವ್ಯತ್ಯಾಸವೇ ಬ್ಯಾಕ್ ಪ್ರೆಶರ್. ಡಬ್ಬಿ ಹಾಕುವ ಮುಂಚೆ 65 ಆಂಪಿಯರ್‌ನಲ್ಲಿ ಎಷ್ಟಿತ್ತು ಎಂದು ಹಲಗೆ ಮೇಲೇ ಗೆರೆ ಎಳೆದಿಡಿ. ಮೇಲಿನ ಅಳತೆಯ ಡಬ್ಬಿ ಶುಭ್ರವಾಗಿದ್ದಾಗ 30-35 ಮಿಲಿಮೀಟರ್ ಮಾತ್ರ ಹೆಚ್ಚಿಸುತ್ತದೆ. ಒಟ್ಟು ಎಷ್ಟರವರೆಗೆ ಸಹಿಸುತ್ತದೆ ಎಂಬುದು ಎಂಜಿನ್ ಪುಸ್ತಕದಲ್ಲಿದೆ, ಅದನ್ನು ಮೀರಬಾರದು. ಮಸಿ ಕೂತಂತೆ ಈ ಅಂಕಿ ಏರುತ್ತದೆ. ಹೊಸದಿದ್ದಾಗಿನದಕ್ಕಿಂತ 50 ಮಿಲಿಮೀಟರ್ ಹೆಚ್ಚಾದ ದಿನ ಎಂಜಿನ್ ತಣ್ಣಗಾದ ಮೇಲೆ ಮುಚ್ಚಳ ಬಿಚ್ಚಿ, ತಂತಿ ಬ್ರಷ್‌ನಿಂದ 20 ಕೊಳವೆಯನ್ನೂ ಉಜ್ಜಿಸಿ. ಎಂಜಿನ್ ಸರಿಯಿದ್ದರೆ ಇದು ನೂರು ತಾಸಿಗೊಮ್ಮೆ ಬರುವ ಕೆಲಸ. ಮೂವತ್ತು ತಾಸಿಗೇ ಬಂತೆಂದರೆ ಬ್ರಷ್ ಕೆಳಗಿಟ್ಟು ಮತ್ತೆ ಏರ್ ಫಿಲ್ಟರ್ ಮತ್ತು ಇಂಜೆಕ್ಟರ್ ನೋಡಿ.